ಕೈಯಲ್ಲಿ ಸುತ್ತಿದ್ದಕ್ಕೆ ಅಂಕ ಎಷ್ಟು?



ಒಂದು ಸಿಗಾರ್‌ಗೆ ನೂರರಲ್ಲಿ 92 ಅಂಕ ಬಂತು ಎಂದರೆ ಏನರ್ಥ? ನಮಗೂ ಗೊತ್ತಿರಲಿಲ್ಲ. ಸಿಗಾರ್ ಎಂದರೆ ನಮ್ಮ ಪಾಲಿಗೆ ಹಳೆಯ ಸಿನೆಮಾದ ಖಳನಾಯಕ, ಇಲ್ಲವೇ ಟೀಶರ್ಟಿನ ಮೇಲಿನ ಚೆ ಗೆವಾರ. ನಮ್ಮ ಘಟಕದ ಹಳೆಯ ಸದಸ್ಯರೊಬ್ಬರು ಗಲ್ಫ್‌ನ ಒಂದು ಹೋಟೆಲಿನ ಸಿಗಾರ್ ಲೌಂಜಿನಲ್ಲಿ ಕೆಲಸಕ್ಕಿದ್ದಾರೆ. ಈಸ್ಟರ್ ರಜೆಗೆ ಬಂದವರು ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಎರಡು ಗಂಟೆ ಇದರದ್ದೇ ಪಾಠ ಮಾಡಿದರು. ಅಣ್ಣ ಸ್ವತಃ ಸೇದುವವರಲ್ಲ. ಆದರೆ ಯಾವುದರ ರುಚಿ ಹೇಗೆ, ಯಾವುದು ಎಷ್ಟು ಹೊತ್ತು ಉರಿಯುತ್ತದೆ ಎಂದು ಗಿರಾಕಿಗೆ ಹೇಳುವುದೇ ಅವರ ಅನ್ನ. ಅವರ ಅಮ್ಮ ನಲವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ನಾವು ಅಷ್ಟು ಆಸಕ್ತಿಯಿಂದ ಕೇಳಿದ್ದಕ್ಕೆ ಕಾರಣವಿತ್ತು. ಮೇ 31ರ ತಂಬಾಕು ವಿರೋಧಿ ದಿನಕ್ಕೆ ಸಭಾಂಗಣದಲ್ಲಿ ಒಂದು ಫಲಕ ಮಾಡಿ ಎಂದು ಫಾದರ್ ನಮಗೆ ಹೇಳಿದ್ದರು. ಸಾಮಾನ್ಯವಾಗಿ ಇದು ಒಂದು ಸಂಜೆಯ ಕೆಲಸ. ಶ್ವಾಸಕೋಶದ ಚಿತ್ರ, ಬಾಯಿ ಕ್ಯಾನ್ಸರಿನ ಚಿತ್ರ, ಕೆಂಪು ಅಕ್ಷರದಲ್ಲಿ ಒಂದು ಘೋಷಣೆ. ಆದರೆ ಆ ದಿನ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಾಲೇಜು ಫೀಸು ಬೀಡಿಯಿಂದಲೇ ಬಂದದ್ದು. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದವರ ಪ್ರಾಕ್ಟಿಕಲ್ ರೆಕಾರ್ಡಿನ ಹಿಂದೆಯೂ ಅಮ್ಮನ ಗೆರಸೆ ಇದೆ. ಕಾಸರಗೋಡಿನ ಈ ಗಡಿಯ ಊರುಗಳಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳ ಯಾವುದನ್ನೇ ಮಾತಾಡುವ ಮನೆಯಿರಲಿ, ಜಗಲಿಯಲ್ಲಿ ಗೆರಸೆ ಕಾಣಿಸುವುದು ಹೊಸತಲ್ಲ. ಅದೇ ಅಮ್ಮಂದಿರು ರೋಜರಿಗೆ ಬಂದು ಕೂರುವ ಸಭಾಂಗಣದ ಗೋಡೆಗೆ ನಾವು ಏನು ಅಂಟಿಸಬೇಕು? ಈ ಪ್ರಶ್ನೆಗೆ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಮೊದಲು ಸಿಗಾರ್ ವಿಷಯ ಮುಗಿಸೋಣ.

ಒಳ್ಳೆಯ ಸಿಗಾರ್‌ನಲ್ಲಿ ಮೂರು ಭಾಗ. ಹೊರಗಿನ ಸುಂದರ ಎಲೆ ರ‍್ಯಾಪರ್, ಅದರೊಳಗೆ ಹಿಡಿದುಕೊಳ್ಳುವ ಎಲೆ ಬೈಂಡರ್, ಮಧ್ಯದಲ್ಲಿ ಫಿಲ್ಲರ್. ಬೀಡಿಯಲ್ಲಿ ಇರುವಂತೆ ಫಿಲ್ಲರ್ ಹುಡಿಯಲ್ಲ, ಉದ್ದುದ್ದ ಎಲೆಗಳನ್ನೇ ಗಾಳಿಯಾಡುವ ಹಾಗೆ ಮಡಚಿ ಇಟ್ಟಿರುತ್ತಾರೆ. ಕ್ಯೂಬಾದವರು ಈ ಎಲೆಗಳನ್ನು ಗಿಡದಲ್ಲಿ ಇದ್ದ ಜಾಗ ನೋಡಿ ಬೇರೆ ಮಾಡುತ್ತಾರೆ. ತುದಿಯ ಎಲೆ ಲಿಹೆರೋ. ಬಿಸಿಲು ಹೆಚ್ಚು ಕುಡಿದದ್ದು, ದಪ್ಪ, ಖಾರ, ನಿಧಾನ ಉರಿಯುವಂಥದ್ದು. ನಡುವಿನದ್ದು ಸೆಕೋ, ಪರಿಮಳಕ್ಕೆ. ಬುಡದ್ದು ವೊಲಾದೋ, ಚೆನ್ನಾಗಿ ಬೆಂಕಿ ಹಿಡಿಯಲಿಕ್ಕೆ. ಒಂದೇ ಗಿಡದ ಮೂರು ಮಹಡಿ ಮೂರು ಗುಣ. ಸಸ್ಯಶಾಸ್ತ್ರದ ತರಗತಿಯಲ್ಲಿ ನಿಕೋಟಿಯಾನಾ ಟಬಾಕಂ ಎಂಬ ಹೆಸರು ಬಾಯಿಪಾಠ ಮಾಡಿದಾಗ ಇದನ್ನು ಯಾರೂ ಹೇಳಿರಲಿಲ್ಲ.

ಎಲೆಯನ್ನು ಒಣಗಿಸಿದ ಮೇಲೆ ರಾಶಿ ಹಾಕಿ ಹುಳಿಯಲು ಬಿಡುತ್ತಾರೆ. ರಾಶಿಯೊಳಗೆ ತಾನಾಗಿಯೇ ಕಾವು ಏರುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ. ಗೊಬ್ಬರದ ಗುಂಡಿಯ ಹತ್ತಿರ ನಿಂತವರಿಗೆ ಆ ವಾಸನೆ ಗೊತ್ತು. ಅದು ಸರಿಯಾಗಿ ಹೋಗದಿದ್ದರೆ ಸೇದುವವರ ನಾಲಿಗೆ ಉರಿಯುತ್ತದೆಯಂತೆ.

ಇನ್ನು ಪರೀಕ್ಷೆ. ಮೊದಲು ಕಣ್ಣು: ಹೊರ ಎಲೆಯಲ್ಲಿ ದಪ್ಪ ನರ ಇದೆಯೇ, ಬಣ್ಣ ಒಂದೇ ಸಮ ಇದೆಯೇ, ತಲೆಯ ಟೋಪಿ ನಯವಾಗಿ ಅಂಟಿದೆಯೇ. ಆಮೇಲೆ ಬೆರಳು: ಬುಡದಿಂದ ತುದಿಯವರೆಗೆ ಮೆಲ್ಲನೆ ಒತ್ತಿ, ಎಲ್ಲಾದರೂ ಮೆದುವಾಗಿದೆಯೇ, ಗಂಟು ಕಟ್ಟಿದೆಯೇ ಎಂದು ನೋಡುವುದು. ಆಮೇಲೆ ಬೆಂಕಿ ಹಚ್ಚದೆಯೇ ಒಂದು ಸಲ ಎಳೆದು ಗಾಳಿ ಸಲೀಸಾಗಿ ಬರುತ್ತದೆಯೇ ಎಂಬ ಪರೀಕ್ಷೆ. ಹಚ್ಚಿದ ನಂತರ ಸುಮಾರು ನಿಮಿಷಕ್ಕೊಂದು ಸಲ ಮಾತ್ರ ಎಳೆಯಬೇಕು. ಅವಸರ ಮಾಡಿದರೆ ಕಾದು ಕಹಿಯಾಗುತ್ತದೆ. ಹೊಗೆ ಬಾಯಲ್ಲೇ ಇರಬೇಕು, ಎದೆಗೆ ಇಳಿಸುವಂತಿಲ್ಲ. ಉದ್ದವನ್ನು ಮೂರು ಭಾಗ ಮಾಡಿಕೊಂಡು ಒಂದೊಂದು ಭಾಗದ ರುಚಿ ಬರೆದುಕೊಳ್ಳುತ್ತಾರೆ: ದೇವದಾರು, ಕಾಫಿ, ಕೋಕೋ, ಚರ್ಮ, ಕರಿಮೆಣಸು, ಮಳೆ ಬಿದ್ದ ಮಣ್ಣು. ಇದರಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ ಎಂದು ನಾವು ಅಣ್ಣನನ್ನು ಕೇಳಿದೆವು. "ಕರಿಮೆಣಸು ನಿಜ, ಉಳಿದದ್ದು ಬಿಲ್ಲಿನ ಮೇಲೆ ಹೋಗುತ್ತದೆ" ಎಂದರು.

ಬೂದಿಗೂ ಲೆಕ್ಕವಿದೆ. ಗಟ್ಟಿಯಾಗಿ ಸುತ್ತಿದ ಸಿಗಾರ್‌ನ ಬೂದಿ ಒಂದಂಗುಲ ಬೆಳೆದರೂ ಉದುರುವುದಿಲ್ಲ. ಷರ್ಲಾಕ್ ಹೋಮ್ಸ್ ತನ್ನ ಮೊದಲನೇ ಕಾದಂಬರಿಯಲ್ಲಿ ಬೂದಿ ನೋಡಿಯೇ ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯ ಸಿಗಾರ್ ಎಂದು ಹೇಳುತ್ತಾನೆ. ಅಂದರೆ ನಮ್ಮ ಪಕ್ಕದ ತಮಿಳುನಾಡಿನ ಸುರುಟು ಆ ಕಾಲಕ್ಕೇ ಲಂಡನ್ನಿನಲ್ಲಿ ಹೆಸರುವಾಸಿ. ಇಂಗ್ಲಿಷಿನ ಚಿರೂಟ್ ಎಂಬ ಪದವೂ ತಮಿಳಿನ ಸುರುಟ್ಟಿನಿಂದಲೇ ಹೋದದ್ದು.

ಅಮೆರಿಕದಲ್ಲಿ 1992ರಲ್ಲಿ ಶುರುವಾದ ಸಿಗಾರ್ ಅಫಿಷನಾಡೊ ಎಂಬ ಪತ್ರಿಕೆ ಈ ಪರೀಕ್ಷೆಯನ್ನು ನೂರು ಅಂಕದ ಪ್ರಶ್ನೆಪತ್ರಿಕೆ ಮಾಡಿತು. ಕಂಪನಿಯ ಪಟ್ಟಿ ಕಿತ್ತು, ನಂಬರಿನ ಪಟ್ಟಿ ಹಾಕಿ ಪರೀಕ್ಷಕರ ಕೈಗೆ ಕೊಡುತ್ತಾರೆ. ನಮ್ಮ ಯೂನಿವರ್ಸಿಟಿ ಪೇಪರ್ ತಿದ್ದಿದ ಹಾಗೆಯೇ. ನೋಟ ಮತ್ತು ಕಟ್ಟಿದ ರೀತಿಗೆ 15 ಅಂಕ, ಉರಿಯುವ ರೀತಿಗೆ 25, ರುಚಿಗೆ 25, ಒಟ್ಟು ಅಭಿಪ್ರಾಯಕ್ಕೆ 35. ತೊಂಬತ್ತು ದಾಟಿದರೆ ಅತ್ಯುತ್ತಮ, ಎಪ್ಪತ್ತಕ್ಕಿಂತ ಕೆಳಗೆ ಬಂದರೆ ದುಡ್ಡು ದಂಡ. ಒಳ್ಳೆಯ ಅಂಕ ಬಂದ ಸಿಗಾರ್ ಅಂಗಡಿಯಲ್ಲಿ ನಿಲ್ಲುವುದಿಲ್ಲ. ಒಂದೊಂದರ ಬೆಲೆ ಸಾವಿರಾರು ರೂಪಾಯಿ.

ಇಷ್ಟು ಕೇಳಿದ ಮೇಲೆ ನಮ್ಮಲ್ಲಿ ಒಬ್ಬಳು ಹೇಳಿದಳು: "ಇದರಲ್ಲಿ ಹೊಸತೇನಿದೆ? ಬ್ರಾಂಚಿನಲ್ಲಿ ಚೆಕ್ಕರ್ ದಿನಾ ಮಾಡುವುದು ಇದನ್ನೇ ಅಲ್ಲವಾ?"

ಹೌದು, ಅದನ್ನೇ. ಬ್ರಾಂಚಿಗೆ ಹೋಗದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬೀಡಿ ಎಲೆ ನಮ್ಮ ಊರಿನದ್ದಲ್ಲ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾದ ಕಾಡುಗಳಿಂದ ಬರುವ ತೆಂಡು ಎಲೆ, ಸಸ್ಯಶಾಸ್ತ್ರದ ಹೆಸರು ಡಯೋಸ್ಪೈರಸ್ ಮೆಲನಾಕ್ಸಿಲಾನ್. ಹೊಗೆಸೊಪ್ಪು ನಿಪ್ಪಾಣಿ ಕಡೆಯದ್ದು, ಗುಜರಾತಿನದ್ದು. ಬ್ರಾಂಚಿನಲ್ಲಿ ಸಾವಿರ ಬೀಡಿಗೆ ಇಂತಿಷ್ಟು ಎಲೆ, ಇಂತಿಷ್ಟು ಹುಡಿ ಎಂದು ತೂಗಿ ಕೊಡುತ್ತಾರೆ. ಅಮ್ಮ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಿ, ನರ ತೆಗೆದು, ಹುಡಿ ಹರಡಿ ಸುತ್ತಿ, ತುದಿಯನ್ನು ಉಗುರಿನಿಂದ ಮಡಚಿ, ನೂಲು ಕಟ್ಟುತ್ತಾರೆ. 25ಕ್ಕೆ ಒಂದು ಕಟ್ಟು. ದಿನಕ್ಕೆ ಸಾವಿರ ಕಟ್ಟಬೇಕಾದರೆ ಪಳಗಿದ ಕೈಗೂ ಬೆಳಗಿನಿಂದ ರಾತ್ರಿಯ ಪ್ರಾರ್ಥನೆಯವರೆಗೆ ಹೊತ್ತು ಬೇಕು.

ಚೆಕ್ಕರ್ ಒಂದು ಕಟ್ಟು ಎತ್ತುತ್ತಾರೆ. ಕೈಯಲ್ಲೇ ತೂಕ ಗೊತ್ತಾಗುತ್ತದೆ. ತುದಿಗಳನ್ನು ಮೇಜಿಗೆ ತಟ್ಟಿ ಉದ್ದ ಸಮ ಇದೆಯೇ ನೋಡುತ್ತಾರೆ. ಬೆರಳಲ್ಲಿ ಒತ್ತಿ ಸಡಿಲ, ಬಿಗಿ ನೋಡುತ್ತಾರೆ. ಬಾಯಿ ಮುಚ್ಚಿದ್ದು ಸರಿಯೇ, ಎಲೆಯಲ್ಲಿ ತೂತು ಇದೆಯೇ. ಅಮೆರಿಕದ ಪತ್ರಿಕೆಯವರು ಒಂದು ಸಿಗಾರ್‌ಗೆ ಒಂದು ಗಂಟೆ ಕೂತು ಹದಿನೈದು ಅಂಕ ಕೊಡುವ ವಿಷಯವನ್ನು ನಮ್ಮ ಚೆಕ್ಕರ್ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತಾರೆ. ಕೈಚಳಕದಲ್ಲಿ ಅವರೂ ಕಡಿಮೆಯವರಲ್ಲ. ವ್ಯತ್ಯಾಸ ಒಂದೇ. ಅಲ್ಲಿ ಅಂಕ ಏರುತ್ತದೆ, ಇಲ್ಲಿ ಇಳಿಯುವುದು ಮಾತ್ರ. ಬಹಳ ಚೆನ್ನಾಗಿ ಕಟ್ಟಿದ ಬೀಡಿಗೆ ಒಂದು ಪೈಸೆ ಹೆಚ್ಚು ಸಿಕ್ಕಿದ ಕಥೆ ನಾವು ಯಾರ ಮನೆಯಲ್ಲೂ ಕೇಳಿಲ್ಲ. ಚೆನ್ನಾಗಿಲ್ಲದ್ದಕ್ಕೆ ಕಡಿತ ಉಂಟು. ಎಲೆಯೇ ತೂತು ಬಿದ್ದು ಬಂದಿದ್ದರೆ ಸಾವಿರ ತುಂಬಲಿಕ್ಕೆ ಅಮ್ಮ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು.

ಅಣ್ಣ ರಜೆ ಮುಗಿಸಿ ಹೋಗುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದರು. ಯಾರೋ ಗಿರಾಕಿ ಅವರಿಗೆ ಉಡುಗೊರೆಯಾಗಿ ಕೊಟ್ಟ ಕ್ಯೂಬಾದ ಸಿಗಾರ್ ಒಂದನ್ನು ಪೆಟ್ಟಿಗೆ ಸಮೇತ ತಂದಿದ್ದರು. ಒಂದು ಭಾನುವಾರ ಪೂಜೆಯ ನಂತರ ನಾವು ಬೀಡಿ ಕಟ್ಟುವ ಆರು ಮಂದಿ ಅಮ್ಮಂದಿರನ್ನು ಸಭಾಂಗಣದಲ್ಲಿ ಕೂರಿಸಿ ಅದನ್ನು ಅವರ ಕೈಗೆ ಕೊಟ್ಟೆವು. ಹಚ್ಚುವುದು ಬೇಡ, ಸುಮ್ಮನೆ ಚೆಕ್ ಮಾಡಿ ಎಂದೆವು. ಮೊದಲು ನಗು. "ಇದೆಂಥದಪ್ಪಾ, ಒನಕೆಯ ಮರಿಯಾ?" ಆಮೇಲೆ ನಗು ನಿಂತಿತು. ಅವರ ಬೆರಳು ಕೆಲಸಕ್ಕೆ ಇಳಿಯಿತು.

ಎಲ್ಲರಿಗಿಂತ ಹಿರಿಯ ಮಾವ್ಶಿ ಕನ್ನಡಕ ಏರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಸಿಗಾರನ್ನು ಉರುಳಿಸುತ್ತಾ ಹೋದರು. ಮುಕ್ಕಾಲು ದಾರಿಯಲ್ಲಿ ನಿಲ್ಲಿಸಿ, "ಇಲ್ಲಿ ಸ್ವಲ್ಪ ಮೆತ್ತಗೆ. ಕಟ್ಟುವವನ ಕೈ ಇಲ್ಲಿ ಬೇರೆ ಕಡೆ ಹೋಗಿದೆ" ಎಂದರು. ನಾವು ಒಬ್ಬೊಬ್ಬರಾಗಿ ಒತ್ತಿ ನೋಡಿದೆವು. ನಮಗೆ ಏನೂ ಗೊತ್ತಾಗಲಿಲ್ಲ. ಅಣ್ಣ ಒತ್ತಿ ನೋಡಿ ತಲೆಯಾಡಿಸಿದರು. ಅಲ್ಲಿ ನಿಜವಾಗಿಯೂ ಮೆದುವಾಗಿತ್ತು. ಇನ್ನೊಬ್ಬರು ಬುಡ ನೋಡಿ, "ಹುಡಿಯೇ ಇಲ್ಲ, ಎಲೆಯನ್ನೇ ಮಡಚಿ ತುಂಬಿಸಿದ್ದಾರೆ, ಹಾಗಾದರೆ ಬೆಂಕಿ ಕೆಡುವುದಿಲ್ಲವಾ?" ಎಂದು ಕೇಳಿದರು. ನೂಲಿಲ್ಲದೆ ತಲೆ ಬಿಚ್ಚದೆ ನಿಂತದ್ದು ಹೇಗೆ ಎಂಬುದು ಎಲ್ಲರ ಬೆರಗು. ಗಿಡದ ಅಂಟು ಎಂದು ಅಣ್ಣ ವಿವರಿಸಿದರು. ದಿನಕ್ಕೆ ಎಷ್ಟು ಕಟ್ಟುತ್ತಾರೆ ಎಂದು ಕೇಳಿದಾಗ ಅವರು ನೂರರ ಆಸುಪಾಸು ಎಂದರು. ಅಮ್ಮಂದಿರು ಪರಸ್ಪರ ಮುಖ ನೋಡಿಕೊಂಡರು. ಒಬ್ಬರು ಮಾತ್ರ, "ಅಷ್ಟು ಸಮಯ ಕೊಟ್ಟರೆ ನಾವೂ ನೂಲಿಲ್ಲದೆ ಕಟ್ಟಿಯೇವು" ಎಂದರು.

ಪೆಟ್ಟಿಗೆಯ ಅಡಿಯಲ್ಲಿ ಕ್ಯೂಬಾದಲ್ಲಿ ಪೂರ್ತಿ ಕೈಯಿಂದಲೇ ಮಾಡಿದ್ದು ಎಂಬ ಸ್ಪ್ಯಾನಿಷ್ ಮುದ್ರೆಯಿತ್ತು, ಕಾರ್ಖಾನೆಯ ಗುಪ್ತ ಸಂಕೇತವಿತ್ತು, ತಿಂಗಳು ವರ್ಷವಿತ್ತು. ಸುತ್ತಿದವರ ಹೆಸರು ಇರಲಿಲ್ಲ. ಕೈಯಿಂದ ಮಾಡಿದ್ದು ಎಂದು ಹೆಮ್ಮೆಯಿಂದ ಮುದ್ರೆ ಹಾಕುತ್ತಾರೆ, ಯಾರ ಕೈ ಎಂದು ಹೇಳುವುದಿಲ್ಲ. ಅಲ್ಲಿಯ ಸಂಬಳವೂ ದೊಡ್ಡದೇನಲ್ಲ. ಆದ್ದರಿಂದ ಅಲ್ಲಿ ಸ್ವರ್ಗ, ಇಲ್ಲಿ ನರಕ ಎಂದು ನಾವು ಹೇಳುತ್ತಿಲ್ಲ. ಮಾವ್ಶಿ ಕೊನೆಗೆ ಕೇಳಿದ ಪ್ರಶ್ನೆ ಮಾತ್ರ ನಮ್ಮನ್ನು ಹಿಡಿದು ನಿಲ್ಲಿಸಿತು. "ಅದು ರಿಜೆಕ್ಟ್ ಆದರೆ ನಷ್ಟ ಯಾರಿಗೆ?"

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನಿನ ಉತ್ತರ ಬಂದು ಬಹಳ ಕಾಲವಾಯಿತು ಎಂಬುದು ಹುಡುಕಿದಾಗ ಗೊತ್ತಾಯಿತು. 1966ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಬೀಡಿ, ಸಿಗಾರ್ ಎರಡನ್ನೂ ಒಂದೇ ಗೆರಸೆಯಲ್ಲಿ ಇಟ್ಟ ಕಾನೂನು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಅದು ಕಾರ್ಮಿಕರೆಂದೇ ಲೆಕ್ಕ ಹಿಡಿಯಿತು. ಕೊಟ್ಟ ಎಲೆ ಹುಡಿಯ ಬಗ್ಗೆ, ತಿರಸ್ಕರಿಸಿದ ಬೀಡಿಯ ಬಗ್ಗೆ, ಅದರ ಕೂಲಿಯ ಬಗ್ಗೆ ತಕರಾರು ಬಂದರೆ ಅಧಿಕಾರಿಯ ಮುಂದೆ ಇಡಬಹುದು ಎಂದೂ ಹೇಳಿತು. ಈ ಕಾಯ್ದೆ ಕೇರಳದಲ್ಲಿ ಜಾರಿಯಾಗುವ ಹೊತ್ತಿಗೆ ಮಂಗಳೂರು ಕಡೆಯ ದೊಡ್ಡ ಕಂಪನಿಗಳು ಕಣ್ಣೂರಿನಲ್ಲಿ ಬಾಗಿಲು ಹಾಕಿದವು. ಸಾವಿರಾರು ಜನ ಕೆಲಸ ಕಳಕೊಂಡರು. ಅವರೇ ಸೇರಿ 1969ರಲ್ಲಿ ಕಟ್ಟಿದ್ದು ದಿನೇಶ್ ಬೀಡಿ ಸಹಕಾರ ಸಂಘ. ಬೀಡಿಗೆ ಗಿರಾಕಿ ಕಡಿಮೆಯಾದ ಮೇಲೆ ಅವರು ಕೊಡೆ, ಆಹಾರ ಪದಾರ್ಥಗಳಿಗೆ ಕೈ ಹಾಕಿದರು. ನಮ್ಮ ಮನೆಯಲ್ಲಿ ದಿನೇಶ್ ಹೆಸರು ಗೊತ್ತಿರುವುದು ಆ ಸಾಮಾನಿನಿಂದಲೇ.

ಇನ್ನೊಂದು ಸಂಗತಿ ನಮಗೆ ತುಂಬ ಹಿಡಿಸಿತು. ಹವಾನಾದ ಎಲ್ ಫಿಗರೋ ಎಂಬ ಸಿಗಾರ್ ಕಾರ್ಖಾನೆಯಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಎಲ್ಲರೂ ಸುತ್ತುತ್ತಿರುವಾಗ ಒಬ್ಬರು ಎತ್ತರದಲ್ಲಿ ಕುಳಿತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವುದು. ಓದುವವರ ಸಂಬಳ ಸುತ್ತುವವರ ಕಿಸೆಯಿಂದ. ಮೊಂಟೆಕ್ರಿಸ್ಟೊ ಎಂಬ ಸಿಗಾರ್ ಹೆಸರು ಹಾಗೆ ಓದಿಸಿಕೊಂಡ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ ಬಂತು ಎನ್ನುತ್ತಾರೆ. ನಮ್ಮ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲೂ ಇದೇ ರೂಢಿಯಿತ್ತು. ಒಬ್ಬ ಪೇಪರ್ ಓದುತ್ತಾನೆ, ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಾರೆ. ಸಾವಿರಾರು ಮೈಲಿ ದೂರದ ಇಬ್ಬರಿಗೆ ಒಂದೇ ಉಪಾಯ ಹೊಳೆದದ್ದು ನೋಡಿ. ಕೈಗೆ ಬಿಡುವಿಲ್ಲ, ಕಿವಿಗೆ ಉಂಟು. ನಮ್ಮ ಅಮ್ಮಂದಿರು ಮನೆಯಲ್ಲೇ ಒಬ್ಬೊಬ್ಬರಾಗಿ ಕಟ್ಟುವುದರಿಂದ ಆ ಓದು ಅವರಿಗೆ ಸಿಗಲಿಲ್ಲ. ರೇಡಿಯೋ, ಈಗ ಟಿ.ವಿ. ಸೀರಿಯಲ್.

ಧರ್ಮಸಭೆ ಏನು ಹೇಳಿದೆ ಎಂದು ಕೆಲವರು ಕೇಳಬಹುದು. ಅದರ ಚರಿತ್ರೆಯೂ ನೇರ ಗೆರೆಯಲ್ಲ. 1642ರಲ್ಲಿ ಪೋಪ್ ಎಂಟನೇ ಅರ್ಬನ್ ಸ್ಪೇನಿನ ಸೆವಿಲ್‌ನ ಚರ್ಚುಗಳಲ್ಲಿ ತಂಬಾಕು ಬಳಸುವವರಿಗೆ ಬಹಿಷ್ಕಾರ ಹಾಕಿದರು. 1650ರಲ್ಲಿ ಹತ್ತನೇ ಇನ್ನೊಸೆಂಟ್ ಅದನ್ನು ರೋಮಿನ ಸಂತ ಪೇತ್ರರ ಬಸಿಲಿಕಾಕ್ಕೂ ತಂದರು. 1725ರಲ್ಲಿ ಹದಿಮೂರನೇ ಬೆನೆಡಿಕ್ಟ್ ತೆಗೆದುಹಾಕಿದರು. ಒಂಬತ್ತನೇ ಪಿಯುಸ್ 1863ರಲ್ಲಿ ರೋಮಿನಲ್ಲಿ ದೊಡ್ಡ ತಂಬಾಕು ಕಾರ್ಖಾನೆಯನ್ನೇ ಕಟ್ಟಿಸಿದರು. ಕೊನೆಗೆ ಪೋಪ್ ಫ್ರಾನ್ಸಿಸ್ 2018ರಿಂದ ವ್ಯಾಟಿಕನ್ನಿನ ಒಳಗೆ ಸಿಗರೇಟು ಮಾರುವುದು ಬೇಡ ಎಂದರು. ಜನರ ಆರೋಗ್ಯಕ್ಕೆ ಕೇಡಾಗುವ ವ್ಯಾಪಾರದಲ್ಲಿ ಪವಿತ್ರ ಪೀಠ ಪಾಲುದಾರ ಆಗಬಾರದು ಎಂಬುದು ಕಾರಣ. ನಮಗೆ ಈ ಕೊನೆಯ ನಿರ್ಧಾರ ಸರಿ ಕಾಣುತ್ತದೆ.

ಏಕೆಂದರೆ ಹೊಗೆಯ ಲೆಕ್ಕದಲ್ಲಿ ಸಿಗಾರ್‌ಗೂ ಬೀಡಿಗೂ ಮರ್ಯಾದೆ ಇಲ್ಲ. ಎದೆಗೆ ಇಳಿಸುವುದಿಲ್ಲವಾದ್ದರಿಂದ ಸಿಗಾರ್ ತೊಂದರೆಯಿಲ್ಲ ಎಂಬ ಮಾತು ಸುಳ್ಳು. ಸಿಗಾರ್ ಹೊಗೆ ಕ್ಷಾರೀಯ. ಅದರಲ್ಲಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬೀಡಿಯಲ್ಲಿ ಹುಡಿ ಕಡಿಮೆ, ಆದರೆ ಎಲೆಯ ಮೂಲಕ ಗಾಳಿ ಆಡುವುದಿಲ್ಲ, ಕೆಡದಂತೆ ಮತ್ತೆ ಮತ್ತೆ ಎಳೆಯಬೇಕು. ಟಾರು, ಇಂಗಾಲದ ಮೊನಾಕ್ಸೈಡು ಹೆಚ್ಚು. ಸೇದದವರೂ ಪಾರಾಗುವುದಿಲ್ಲ. ಹುಡಿ ಮೂಗಿಗೆ ಹೋಗುತ್ತದೆ, ನಿಕೋಟಿನ್ ಬೆರಳ ಚರ್ಮದಿಂದ ಒಳಗಿಳಿಯುತ್ತದೆ. ಅಮ್ಮನ ಕೆಮ್ಮು, ಸೊಂಟ ನೋವು ನಮಗೆಲ್ಲ ಗೊತ್ತಿರುವ ಸದ್ದು.

ಹಾಗಾದರೆ ಫಲಕದಲ್ಲಿ ಏನು ಹಾಕಿದಿರಿ ಎಂದು ಕೇಳುತ್ತೀರಿ. ಶ್ವಾಸಕೋಶದ ಚಿತ್ರ ಹಾಕಿದೆವು, ಬಿಡಲಿಲ್ಲ. ಅದರ ಪಕ್ಕದಲ್ಲಿ ಬೀಡಿ ಕಟ್ಟುವ ಎರಡು ಕೈಗಳ ಫೋಟೋ ಹಾಕಿದೆವು. ಮುಖವಿಲ್ಲ, ಕೈ ಮಾತ್ರ. ಹೆಬ್ಬೆರಳಿನ ಉಗುರು ಸವೆದದ್ದು ಕಾಣುತ್ತದೆ. ಅದರ ಕೆಳಗೆ 1966ರ ಕಾಯ್ದೆಯ ವಿಷಯ ಕನ್ನಡದಲ್ಲಿ ನಾಲ್ಕು ಸಾಲು. ಇಲ್ಲಿ ಸರಕಾರಿ ಕಾಗದ ಹೆಚ್ಚಾಗಿ ಮಲಯಾಳದಲ್ಲಿ ಬರುವುದರಿಂದ ಆ ನಾಲ್ಕು ಸಾಲು ಓದಲಿಕ್ಕೆ ಅಮ್ಮಂದಿರು ಶ್ವಾಸಕೋಶಕ್ಕಿಂತ ಹೆಚ್ಚು ಹೊತ್ತು ನಿಂತರು. ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ತಂಬಾಕು ಬೇಡ ಎನ್ನುವ ದಿನ ಬೀಡಿಯನ್ನು ಹೊಗಳುವುದೇ ಎಂದು ಕೇಳಿದರು. ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೆ ಬೀಳುವ ಮಾತು ಇದೆ. ಹೊಲದಲ್ಲಿ ಏನು ಬೆಳೆದಿತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಾವು ಇದನ್ನು ಹೇಳಿದೆವು. ಅವರು ಒಪ್ಪಿದರೋ ಇಲ್ಲವೋ, ಫಲಕ ಮಾತ್ರ ಜೂನ್ ಮುಗಿಯುವವರೆಗೆ ಅಲ್ಲೇ ಇತ್ತು.

(ಆ ಸಿಗಾರ್ ಏನಾಯಿತು ಎಂದು ಕೇಳುವ ಹುಡುಗರಿಗೆ: ಅದಕ್ಕೆ 65ರಿಂದ 70 ಶೇಕಡಾ ತೇವಾಂಶದ ಪೆಟ್ಟಿಗೆ ಬೇಕು. ನಮ್ಮ ಮಳೆಗಾಲ ಅದಕ್ಕಿಂತ ಧಾರಾಳಿ. ಬೀಡಿಯಾದರೆ ಅಮ್ಮ ಒಲೆಯ ಹತ್ತಿರ ಒಣಗಿಸುತ್ತಿದ್ದರು. ಸಿಗಾರ್‌ಗೆ ಅಂಥ ಅಮ್ಮ ಇರಲಿಲ್ಲ, ಬೂಸ್ಟು ಬಂತು, ಎಸೆದೆವು.)

ಫಲಕಕ್ಕಿಂತ ಉಪಯೋಗಕ್ಕೆ ಬಂದದ್ದು ನೂರು ಪುಟದ ನೋಟ್ ಪುಸ್ತಕ. ಆ ಆರು ಮನೆಗಳಿಗೆ ಒಂದೊಂದು ಕೊಟ್ಟು ಐದು ಗೆರೆ ಎಳೆದೆವು: ದಿನಾಂಕ, ತಂದ ಎಲೆ, ಕೊಟ್ಟ ಕಟ್ಟು, ತೆಗೆದು ಹಾಕಿದ್ದು, ಕಾರಣ. ಬರೆಯುವುದು ಮಕ್ಕಳ ಕೆಲಸ. ಮೊದಲ ಎರಡು ವಾರ ಕಾರಣದ ಕಾಲಂ ಖಾಲಿ. ಚೆಕ್ಕರ್ ಕಾರಣ ಹೇಳುವುದಿಲ್ಲ, ಅಮ್ಮ ಕೇಳುವುದಿಲ್ಲ. ಮೂರನೇ ವಾರ ಮಾವ್ಶಿ ಪುಸ್ತಕ ಹಿಡಿದುಕೊಂಡೇ ಬ್ರಾಂಚಿಗೆ ಹೋಗಿ, "ಮಗ ಬರೆಯಲಿಕ್ಕೆ ಕೇಳುತ್ತಾನೆ, ಎಂತ ಬರೆಯಲಿ?" ಎಂದು ಕೇಳಿದರು. ಚೆಕ್ಕರ್ ಹೇಳಿದರು. ಅಂದಿನಿಂದ ಕಾಲಂ ತುಂಬುತ್ತಿದೆ. ಆರೂ ಪುಸ್ತಕ ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚು ಸಲ ಬಂದ ಕಾರಣ ಎಲೆಯಲ್ಲಿ ತೂತು. ಅದು ಕಟ್ಟಿದವರ ಕೈಯ ತಪ್ಪಲ್ಲ. ಈ ಪುಸ್ತಕಗಳನ್ನು ಯೂನಿಯನ್ನಿನವರಿಗೆ ತೋರಿಸಿದ್ದೇವೆ, ಮುಂದಿನ ಮಾತು ಅವರು ಆಡಲಿದ್ದಾರೆ. ಇನ್ನೂ ಪುಸ್ತಕ ಬೇಕಾದವರು ನಮ್ಮ ಕಾರ್ಯದರ್ಶಿಯನ್ನು ಕೇಳಿ.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ತರಗತಿಗೆ ತಕ್ಕಂತೆ ವರ್ಷಕ್ಕೆ 1000ದಿಂದ 25,000 ರೂಪಾಯಿವರೆಗೆ. ಅರ್ಜಿ ಆನ್‌ಲೈನಿನಲ್ಲಿ, ಕನ್ನಡದಲ್ಲಿ ಅಲ್ಲ, ಆದ್ದರಿಂದ ಸಭಾಂಗಣದಲ್ಲಿ ಎರಡನೇ ಪೂಜೆಯ ನಂತರ ಲ್ಯಾಪ್‌ಟಾಪ್ ಇಟ್ಟು ಕೂರುತ್ತೇವೆ. ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪತ್ರ, ಕಳೆದ ವರ್ಷದ ಅಂಕಪಟ್ಟಿ ತನ್ನಿ. ಗುರುತಿನ ಚೀಟಿ ಇನ್ನೂ ಮಾಡಿಸದವರು ಹಾಗೆಯೇ ಬನ್ನಿ, ಮೊದಲು ಅದಕ್ಕೆ ಬರೆಯೋಣ.